ಹನ್ನೊಂದರ ಬಸ್ಸಿಗೆ ಬಂದ ಪಾಸ್‌ವರ್ಡ್

ಜಗತ್ತಿನಲ್ಲೇ ಅತ್ಯಂತ ಭದ್ರವಾದ ಪಾಸ್‌ವರ್ಡ್ ಎಲ್ಲಿತ್ತು, ಹೇಳಿ ನೋಡೋಣ? ಅಮೆರಿಕದ ಸೈನ್ಯದಲ್ಲಿ? ಸ್ವಿಸ್ ಬ್ಯಾಂಕಿನಲ್ಲಿ? ಸಾಧ್ಯವೇ ಇಲ್ಲ! ತೊಂಬತ್ತರ ದಶಕದ ಕೊನೆಯಲ್ಲಿ ಅದು ಸೊಲ್ಲಾಪುರದ ನವಿ ಪೇಠದ ಹಿಂದಿನ ಓಣಿಯಲ್ಲಿ, ಒಂದು ಧರ್ಮಾರ್ಥ ಕಣ್ಣಿನ ದವಾಖಾನೆಯಲ್ಲಿ, ಹಣೆಯ ಮೇಲೆ ಎಂಟಾಣೆಯಗಲ ಕುಂಕುಮ ಇಟ್ಟುಕೊಳ್ಳುತ್ತಿದ್ದ ಒಬ್ಬ ಹೆಣ್ಣುಮಗಳ ಹೊಟ್ಟೆಯಲ್ಲಿತ್ತು. ಕುತ್ತಿಗೆಗೆ ಕುಡುಗೋಲು ಹಿಡಿದರೂ ಅದು ಹೊರಗೆ ಬರುವಂತಿರಲಿಲ್ಲ. ಅದನ್ನು ಹೊರಗೆ ತೆಗೆಸುವ ಪಾಳಿ ಒಂದು ದಿನ ನನಗೇ ಬಂತು. ನನ್ನ ಹತ್ತಿರ ಕುಡುಗೋಲೂ ಇರಲಿಲ್ಲ, ಬರೀ ಒಂದು ಮೊಡೆಮ್ ಇತ್ತು.

ಆಕೆಯನ್ನು ನಾವೆಲ್ಲ ಅಕ್ಕಾವರು ಎನ್ನುತ್ತಿದ್ದೆವು. ಹೆಸರು ಇಲ್ಲಿ ಬೇಡ. ಹೆಸರಿನ ವಿಷಯದಲ್ಲಿ ಅಕ್ಕಾವರ ಕಟ್ಟುನಿಟ್ಟು ಎಂಥದ್ದು ಎಂದು ಮುಂದೆ ನಿಮಗೇ ತಿಳಿಯುತ್ತದೆ.

ಮೊದಲು ಅವರು ದವಾಖಾನೆಯ ಕಿಟಕಿಯಲ್ಲಿ ಕೂತು ರೋಗಿಗಳ ಕೇಸ್ ಪೇಪರ್ ಮಾಡುತ್ತಿದ್ದರು. ದವಾಖಾನೆಗೆ ಸರ್ವರ್ ಬಂದಾಗ ಬಿ.ಕಾಂ. ಆದ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಮುಟ್ಟಿದರೆ ಎಲ್ಲಿ ಕೆಟ್ಟೀತೋ, ಕೆಟ್ಟರೆ ಎಲ್ಲಿ ಪಗಾರ ಕತ್ತರಿಸ್ಯಾರೋ ಎಂಬ ಅಂಜಿಕೆ! ಅಕ್ಕಾವರು ಸೆರಗು ಸಿಕ್ಕಿಸಿ ಮುಂದೆ ಬಂದು, “ನಾ ಕಲೀತೀನಿ. ಹೊಲಿಗಿ ಮಿಷನ್ ಕಲ್ತಾಕಿಗೆ ಇದೇನ ದೊಡ್ಡದು?” ಎಂದರು. ಪುಣೆಯಿಂದ ಬಂದ ಎಂಜಿನಿಯರ್ ಹದಿನೈದು ದಿನ ಕಲಿಸಿ, ಹೋಗುವಾಗ ಎರಡೇ ಮಾತು ಹೇಳಿದನಂತೆ. ಒಂದು, ಸರ್ವರಿಗೆ ಧೂಳು ತಾಗಬಾರದು. ಎರಡು, ಪಾಸ್‌ವರ್ಡ್ ಯಾರಿಗೂ ಹೇಳಬಾರದು. ಎರಡನ್ನೂ ಅಕ್ಕಾವರು ಸೋಮವಾರದ ಉಪವಾಸದ ಹಾಗೆ ಹಿಡಿದರು.

ಸರ್ವರ್ ಕೋಣೆಯ ಹೊಸ್ತಿಲಿಗೆ ರಂಗೋಲಿ ಬಂತು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಹೋಗಬೇಕು. ದವಾಖಾನೆಯ ಅಧ್ಯಕ್ಷರೇ ಒಮ್ಮೆ ಬೂಟು ಹಾಕಿಕೊಂಡು ಒಳಗೆ ಕಾಲಿಟ್ಟು, ಬೈಸಿಕೊಂಡು, ಸಾಕ್ಸಿನಲ್ಲಿ ನಿಂತು ಸರ್ವರಿನ ದರ್ಶನ ಪಡೆದರು! ಸರ್ವರಿಗೆ ತಂಪು ಬೇಕೆಂದು ಅಲ್ಲಿ ಏಸಿ ಹಾಕಿಸಿದ್ದರು. ಹೊರಗೆ ಸೊಲ್ಲಾಪುರದ ಮೇ ತಿಂಗಳ ಬಿಸಿಲು ಮಂದಿಯ ತಲೆ ಕಾಯಿಸುತ್ತಿದ್ದರೆ, ಒಳಗೆ ಅಕ್ಕಾವರು ದಪ್ಪನೆಯ ಸೊಲ್ಲಾಪುರಿ ಚಾದರ ಹೊದ್ದುಕೊಂಡು, ಮೂಗು ಮಾತ್ರ ಹೊರಗೆ ಬಿಟ್ಟು ಕೂತಿರುತ್ತಿದ್ದರು. “ಅದಕ್ಕ ತಂಪ ಬೇಕು, ನನಗ ಥಂಡಿ ಆಗಿಬರೂದಿಲ್ಲ. ಏನ್ ಮಾಡೂದು, ಇಬ್ರೂ ಹೊಂದ್ಕೊಂಡು ಹೊಂಟೀವಿ” ಎನ್ನುತ್ತಿದ್ದರು.

ನಾನಿದ್ದದ್ದು ಅದೇ ದವಾಖಾನೆಯ ಅಕ್ಕಲಕೋಟ ಶಾಖೆಯಲ್ಲಿ. ಎರಡು ಕೋಣೆ, ಒಂದು ಅಂಗಳ, ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದೇ ಒಂದು ಫೋನ್ ಲೈನು. ವರ್ಷಕ್ಕೊಮ್ಮೆ ಅಲ್ಲಿ ಮೋತಿಬಿಂದು, ಅಂದರೆ ಕಣ್ಣಿನ ಪೊರೆಯ ಆಪರೇಶನ್ನಿನ ಶಿಬಿರ ನಡೆಯುತ್ತಿತ್ತು. ಸುತ್ತಲಿನ ಹಳ್ಳಿಯವರನ್ನು ವಾರ ಮೊದಲೇ ಸೊಲ್ಲಾಪುರಕ್ಕೆ ಕರೆದೊಯ್ದು ತಪಾಸಣೆ ಮಾಡುತ್ತಿದ್ದರು. ಯಾರದು ಎಡಗಣ್ಣು, ಯಾರದು ಬಲಗಣ್ಣು, ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಎಷ್ಟು ನಂಬರಿನ ಲೆನ್ಸ್ ಕೂಡಿಸಬೇಕು, ಎಲ್ಲ ಆ ಸರ್ವರಿನಲ್ಲಿ ಸೇರುತ್ತಿತ್ತು. ಶಿಬಿರದ ದಿನ, ನಾವು ಯಾದಿ ಎನ್ನುವ ಅದರ ಪಟ್ಟಿ ಕಾಗದದ ಮೇಲೆ ಛಾಪಿಸಿ ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಬರುತ್ತಿತ್ತು. ಹಿಂದಿನ ವರ್ಷ ಯಾದಿ ತಂದ ಜವಾನ ಬಸ್ಸಿನಲ್ಲಿ ನಿದ್ದೆ ಹೋಗಿ, ಯಾದಿ ಅವನ ಜೊತೆ ಗುಲಬರ್ಗಾ ಊರು ನೋಡಿಕೊಂಡು ಬಂದಿತ್ತು!

ಅದಕ್ಕೇ ನಾನು ಮೀಟಿಂಗಿನಲ್ಲಿ ಎದ್ದು ನಿಂತು ಬಡಾಯಿ ಕೊಚ್ಚಿದೆ. “ರಿಪೋರ್ಟ್ ಮಾಡೋ ಸಾಫ್ಟ್‌ವೇರ್ ಬಂದದ ರೀ. ನನ್ನ ಕಂಪ್ಯೂಟರ್‌ದಾಗ ಅದನ್ನ ಹಾಕಿ, ಫೋನ್ ಲೈನ್ ಮ್ಯಾಲ ಸೊಲ್ಲಾಪುರದ ಸರ್ವರಿಗೆ ಜೋಡಿಸಿದ್ರ ಮುಗೀತು. ಯಾದಿ ತಂತಿ ಮ್ಯಾಲ ಬರ್ತದ. ಇನ್ನ ಬಸ್ಸಿನ ಕಾಗದದ ಹಂಗು ಬ್ಯಾಡ!” ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಮಾತ್ರ, “ಆಗಲಿ. ಆದರೆ ಆ ದಿನ ಯಾದಿ ಬರದಿದ್ದರೆ ಆಪರೇಶನ್ ಆಗೋದಿಲ್ಲ, ನೆನಪಿರಲಿ” ಎಂದರು. ಬಡಾಯಿಯ ಭರದಲ್ಲಿ ಆ ಮಾತು ನನ್ನ ಕಿವಿಯ ಹೊರಗೇ ನಿಂತಿತು.

ಆಮೇಲೆ ರಸ್ತೆ ಅಗೆಯುವವರು ನಮ್ಮ ಟೆಲಿಫೋನ್ ಕೇಬಲ್ಲನ್ನೂ ಅಗೆದರು. ಹದಿನೈದು ದಿನ ಫೋನ್ ಸತ್ತು ಮಲಗಿ, ಶಿಬಿರದ ಹಿಂದಿನ ಸಂಜೆ ಜೀವ ಹಿಡಿಯಿತು. ಹೀಗಾಗಿ ನನ್ನ ತಾಲೀಮು, ಪರೀಕ್ಷೆ ಎರಡೂ ಒಂದೇ ದಿನ.

ಆ ದಿನ ಮುಂಜಾನೆ ಏಳಕ್ಕೆ ಹೋದರೆ ಅಂಗಳ ಆಗಲೇ ತುಂಬಿತ್ತು. ಎಲ್ಲರಿಗಿಂತ ಮುಂದೆ, ನನ್ನ ಕೋಣೆಯ ಬಾಗಿಲಿಗೇ ಅಂಟಿಕೊಂಡು, ಕುರನೂರಿನ ಒಬ್ಬ ಅಜ್ಜ ಕಂಬಳಿ ಹಾಸಿ ಕೂತಿದ್ದ. ಕುರಿ ಕಾಯುವವ, ಬೀರೋಬನ ಭಕ್ತ. ಒಂದು ಕಣ್ಣು ಹಿಂದೆಯೇ ಹೋಗಿತ್ತು, ಇನ್ನೊಂದಕ್ಕೆ ಪೊರೆ ಬಂದಿತ್ತು. “ಕುರಿ ಎಲ್ಲಾ ದನಿ ಮ್ಯಾಲ ಗುರ್ತ ಹಿಡೀತೀನಿ ಯಪ್ಪಾ. ಮಾರಿ ನೋಡಿ ಎರಡ ವರ್ಸ ಆತು. ಇವತ್ತ ಆಕ್ಕದಲ್ಲ?” ಎಂದು ಕೇಳಿದ. “ಆಗ್ತದ ಅಜ್ಜಾ, ನಾ ಇದ್ದೀನಲ್ಲ!” ಎಂದೆ. ಆ ಹೊತ್ತಿಗೆ ನಾನು ಇದ್ದದ್ದು ನಿಜ.

ಸಾಫ್ಟ್‌ವೇರ್ ತೆರೆದೆ. ಅದು ಹೊಸ ಬೀಗರ ಹಾಗೆ ಒಂದೊಂದೇ ಪ್ರಶ್ನೆ ಕೇಳತೊಡಗಿತು. ಯಾವ ಡೇಟಾಬೇಸು? ಹೇಳಿದೆ. ಅದರ ಡ್ರೈವರ್ ಎಲ್ಲಿ? ನಾಲ್ಕು ಫ್ಲಾಪಿ ತಿನ್ನಿಸಿದೆ. ಸರ್ವರ್ ಎಲ್ಲಿದೆ? ಸೊಲ್ಲಾಪುರದಲ್ಲಿದೆ ತಾಯಿ, ನಲವತ್ತು ಕಿಲೋಮೀಟರ್! ಮೊಡೆಮ್ ಹಚ್ಚಿದೆ. ಅದು ಕೀಂಯ್, ಕರ್‌ರ್, ಗೊರ್‌ರ್ ಎಂದು ಒದರಿತು. ಬಾಗಿಲಲ್ಲಿದ್ದ ಅಜ್ಜ ಕಿವಿಗೊಟ್ಟು ಕೇಳಿ, “ತಮ್ಮಾ, ಅದಕ್ಕ ಹೊಟ್ಟಿ ಉಬ್ಬರಿಸೇದ. ಮರಿ ಹಿಂಗ ಒದರಿದ್ರ ನಾವು ಓಂಕಾಳ ನೀರ ಕುಡಸ್ತೀವಿ” ಎಂದ. ಮೂರನೆಯ ಸಲಕ್ಕೆ ಓಂಕಾಳಿಲ್ಲದೆಯೇ ಲೈನು ಕೂಡಿತು. ನನಗೆ ಕುಣಿಯಬೇಕೆನ್ನಿಸಿತು. ಅಷ್ಟರಲ್ಲಿ ಪರದೆಯ ಮೇಲೆ ಕಡೆಯ ಪ್ರಶ್ನೆ ಬಂತು. ಪಾಸ್‌ವರ್ಡ್?

ಇದ್ದದ್ದೊಂದೇ ಲೈನು. ಮೊಡೆಮಿನ ತಂತಿ ಕಿತ್ತು ಫೋನಿಗೆ ಸಿಕ್ಕಿಸಿ ಸೊಲ್ಲಾಪುರಕ್ಕೆ ಹಚ್ಚಿದೆ.

“ಅಕ್ಕಾ, ಎಲ್ಲಾ ಆತು. ಪಾಸ್‌ವರ್ಡ್ ಒಂದ ಹೇಳಿಬಿಡ್ರಿ.”

ಆ ಕಡೆ ಏಸಿಯ ಸದ್ದು ಮಾತ್ರ ಕೇಳಿತು.

“ಅಕ್ಕಾ?”

“ಅದನ್ನ ಹೆಂಗ ಹೇಳ್ಲಿ ತಮ್ಮಾ? ಅದು ನಮ್ಮ ಮನಿಯವರ ಹೆಸರು!”

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಎತ್ತುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಉಳಿದ ಹೆಂಗಸರು ಹಬ್ಬ-ಹುಣ್ಣಿವೆಯಲ್ಲಿ ಒಡಪು ಕಟ್ಟಿಯಾದರೂ ಒಮ್ಮೆ ಹೇಳಿ ನಾಚುತ್ತಾರೆ. ಅಕ್ಕಾವರು ಅದಕ್ಕೂ ಒಪ್ಪಿದವರಲ್ಲ. ಹಿಂದೆ ಕೇಸ್ ಪೇಪರಿನ ಕಿಟಕಿಯಲ್ಲಿದ್ದಾಗ ರೋಗಿಗಳ ಹೆಸರು ಕೂಗುವುದು ಅವರದೇ ಕೆಲಸ. ಗಂಡನ ಹೆಸರೋ, ಸೊಲ್ಲಾಪುರದಲ್ಲಿ ಕಲ್ಲು ಒಗೆದರೆ ಅದೇ ಹೆಸರಿನ ಹತ್ತು ಮಂದಿಗೆ ತಾಗುವಂಥದ್ದು! ಅಂಥ ರೋಗಿಯ ಪಾಳಿ ಬಂದರೆ ಅಕ್ಕಾವರು, “ನಮ್ಮ ಮನಿಯವರ ಹೆಸರಿನವರು ಯಾರದೀರಿ, ಒಳಗ ನಡೀರಿ!” ಎಂದು ಕೂಗುತ್ತಿದ್ದರು. ಹಳೆಯ ರೋಗಿಗಳು ಗೊತ್ತಾಗಿ ಎದ್ದು ಹೋಗುತ್ತಿದ್ದರು. ಹೊಸಬರು ಸಂಜೆಯ ತನಕ ಕೂತಿರುತ್ತಿದ್ದರು.

“ಅಕ್ಕಾ, ಅಲ್ಲಾ, ಬ್ಯಾರೆ ಹೆಸರ ಸಿಗಲಿಲ್ಲೇನು ನಿಮಗ?”

“ಪಾಸ್‌ವರ್ಡ್ ಅಂದ್ರ ಎಂದೂ ಬಾಯಾಗ ಬರಬಾರದಂಥಾದ್ದು ಇರ್ಬೇಕು ಅಂತ ಆ ಎಂಜಿನಿಯರ್ ಹೇಳ್ಯಾನ. ನನ್ನ ಬಾಯಾಗ ಎಂದೂ ಬರದೇ ಇರೂ ಮಾತು ಅದೊಂದ ಅದ ನೋಡು!”

ಏನು ಹೇಳುತ್ತೀರಿ ಇದಕ್ಕೆ? ಆ ಎಂಜಿನಿಯರನ ಗುರು ಬಂದರೂ ಇದರಲ್ಲಿ ತಪ್ಪು ಹಿಡಿಯಲಾರ.

“ಒಂದೊಂದ ಅಕ್ಷರ ಬಿಡಿಸಿ ಹೇಳ್ರಿ.”

“ಪಾಯರಿ ಒಂದೊಂದ ಹತ್ತಿದ್ರ ಮಾಳಗಿ ಮ್ಯಾಲ ಹೋಗೂದಿಲ್ಲೇನು? ಬ್ಯಾಡ.”

“ಚೀಟಿ ಮ್ಯಾಲ ಬರದ ಕೊಡ್ರಿ, ಯಾರರೆ ಓದಿ ಹೇಳ್ಲಿ.”

“ಪಾಸ್‌ವರ್ಡ್ ಬರದ ಇಡಬಾರದು. ಕಾಯ್ದೆ ಅದ.”

“ಹಂಗಾದ್ರ ಬದ್ಲಿ ಮಾಡಿಬಿಡ್ರಿ!”

“ಏನಂದಿ? ಗಂಡನ್ನ ಬದ್ಲಿ ಮಾಡಂತೀಯೇನೋ, ಖೋಡಿ!”

ಆಗ ನನಗೆ ಹೊಳೆಯಿತು. ಮಹಾರಾಷ್ಟ್ರದಲ್ಲಿ ಲಗ್ನವಾದ ಹೆಂಗಸಿನ ಹೆಸರಿನ ನಟ್ಟನಡುವೆ ಗಂಡನ ಹೆಸರು ಕೂತಿರುತ್ತದಲ್ಲ! ಅಕ್ಕಾವರ ಸಹಿ ಇದ್ದ ಕಾಗದಗಳು ನನ್ನ ಕಪಾಟಿನ ತುಂಬ ಇದ್ದವು. ಇಷ್ಟು ಸುಲಭದ ಕೆಲಸಕ್ಕೆ ಇಷ್ಟೊಂದು ರಂಪವೇ? ಫೋನಿಟ್ಟು, ತಂತಿ ಬದಲಿಸಿ, ಮೊಡೆಮ್ ಒದರಿಸಿ, ಹೆಸರು ಹೊಡೆದೆ. ತಪ್ಪು. ಮತ್ತೆ ಹೊಡೆದೆ. ತಪ್ಪು. ಹಟ ಹಿಡಿದು ಮೂರನೆಯ ಸಲ ಹೊಡೆದೆ. ಖಾತೆಗೇ ಬೀಗ ಬಿತ್ತು! ಮತ್ತೆ ತಂತಿ ಕಿತ್ತು ಫೋನು.

“ಅಕ್ಕಾ...”

“ಕಂಡೀನಿ, ಕಂಡೀನಿ. ಯಾರೋ ಬಾಗಲಾ ಬಡ್ಯಾಕತ್ತಾರ ಅಂತ ಇಲ್ಲಿ ತೋರಸ್ತು. ಕೀಲಿ ತಗದೀನಿ. ಬರೇ ಹೆಸರಲ್ಲ ತಮ್ಮಾ ಅದು, ಮುಂದ ಇನ್ನೊಂದೀಟ ಅದ.”

“ಏನದ?”

ಅಕ್ಕಾವರು ಒಂದು ಗಳಿಗೆ ಯೋಚಿಸಿದರು. ಆಮೇಲೆ ಬಹಳ ಶಾಂತವಾಗಿ ಹೇಳಿದರು: “ನೀ ಗಾಬರಿ ಆಗಬ್ಯಾಡ. ಪಾಸ್‌ವರ್ಡ್ ಕಳ್ಸಾಕತ್ತೀನಿ. ಹನ್ನೊಂದರ ಬಸ್ಸಿಗೆ ಬಂದು ಇಳೀತದ. ಚಹಾ ಕುಡಸು. ಸಕ್ರಿ ಕಮ್ಮಿ.”

“ಅಂದ್ರ?”

“ಅವರನ್ನ ಕಳ್ಸಾಕತ್ತೀನಿ. ಬಂದ ಮ್ಯಾಲ, ಗಿರಣಿ ಬಾಗಲ್ದಾಗ ಹಾಜರಿ ಹೆಂಗ ಹೇಳ್ತಿದ್ರಿ ಹಂಗ ಹೇಳ್ರಿ ಅನ್ನು. ಅವರು ಹೇಳಿದ್ದ ಪಾಸ್‌ವರ್ಡ್.”

ಫೋನು ಇಟ್ಟೇಬಿಟ್ಟರು! ಪಾಸ್‌ವರ್ಡು ಟಿಕೆಟ್ಟು ತೆಗೆಸಿ ಬಸ್ಸಿನಲ್ಲಿ ಬರುವುದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ಒಂಬತ್ತೂವರೆಗೆ ಡಾಕ್ಟರು ಬಂದರು. ಪರವೂರಿನವರು, ಆ ಒಂದೇ ದಿನ ಕೊಟ್ಟಿದ್ದರು. “ಯಾದಿ ಕುಠೆ ಆಹೆ?” ಎಂದು ಮರಾಠಿಯಲ್ಲಿ ಕೇಳಿದರು. ಯಾದಿ ಎಲ್ಲಿದೆ ಎಂದರೆ ಏನು ಹೇಳಲಿ? “ದಾರಿಯಲ್ಲಿದೆ ಸರ್” ಎಂದೆ. ಸುಳ್ಳೇನೂ ಅಲ್ಲ. “ಫೋನಿನಲ್ಲಿ ಬರೆದುಕೊಂಡದ್ದು ನಡೆಯೋದಿಲ್ಲ. ಛಾಪಿಸಿದ್ದು ಬೇಕು. ಬಾಯಿಮಾತಿನ ಮೇಲೆ ನಾನು ಕಣ್ಣು ಕೊಯ್ಯೋದಿಲ್ಲ. ಹನ್ನೆರಡರ ಒಳಗೆ ಬರದಿದ್ದರೆ ಎಲ್ಲರನ್ನೂ ಮನೆಗೆ ಕಳಿಸಿ, ಮುಂದಿನ ವರ್ಷ ನೋಡೋಣ” ಎಂದರು. ಮುಂದಿನ ವರ್ಷ! ಬಾಗಿಲಲ್ಲಿ ಅಜ್ಜ ಅದನ್ನು ಕೇಳಿಸಿಕೊಂಡ. ಕಂಬಳಿಯ ಅಂಚು ಬೆರಳಿಂದ ತಡವುತ್ತ ಕೂತ. ಅವನು ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಮೀಟಿಂಗಿನ ಆ ಚಪ್ಪಾಳೆ ಒಂದೊಂದೂ ಆಗ ನನ್ನ ಕೆನ್ನೆಯ ಮೇಲೆ ಬೀಳುತ್ತಿತ್ತು. ಈಗ ಸೋಲೊಪ್ಪಿ ಕಾಗದ ತರಿಸೋಣವೆಂದರೂ ಹನ್ನೊಂದರ ಬಸ್ಸು ಆಗಲೇ ಸೊಲ್ಲಾಪುರ ಬಿಡುವ ಹೊತ್ತು. ಅದರ ಮುಂದಿನದು ಬರುವುದು ಮಧ್ಯಾಹ್ನ ದಾಟಿದ ಮೇಲೆ.

ಹನ್ನೊಂದಕ್ಕೆ ಬರಬೇಕಾದ ಬಸ್ಸು ಹನ್ನೊಂದೂಕಾಲಕ್ಕೆ ಬಂತು. ನಾನು ಸ್ಟ್ಯಾಂಡಿನಲ್ಲೇ ನಿಂತಿದ್ದೆ. ಎಲ್ಲರೂ ಇಳಿದ ಮೇಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೊಪ್ಪಿಗೆ, ಕೈಯಲ್ಲೊಂದು ಚೀಲ ಹಿಡಿದ ಸಣ್ಣಕಾಯದ ಒಬ್ಬರು ಇಳಿದು ಅತ್ತಿತ್ತ ನೋಡಿದರು. “ಮಾಮಾ, ಬರ್ರಿ, ಬರ್ರಿ!” ಎಂದು ಹೆಚ್ಚುಕಡಿಮೆ ಎತ್ತಿಕೊಂಡೇ ಬಂದೆ. ಮಾಮಾ ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದವರು. ಗಿರಣಿ ಬಂದ್ ಆಗಿ ನಾಲ್ಕು ವರ್ಷವಾಗಿತ್ತು. ಆಮೇಲೆ ಮನೆಯಲ್ಲೇ ಇದ್ದು, ಮಧ್ಯಾಹ್ನ ಅಕ್ಕಾವರಿಗೆ ಡಬ್ಬಿ ತಂದುಕೊಟ್ಟು, ಯಾರ ಜೊತೆಗೂ ಮಾತಾಡದೆ ತಿರುಗಿ ಹೋಗುತ್ತಿದ್ದರು. ದವಾಖಾನೆಯಲ್ಲಿ ಅವರನ್ನು ‘ಅಕ್ಕಾವರ ಮನಿಯವರು’ ಎಂದೇ ಎಲ್ಲರೂ ಕರೆಯುತ್ತಿದ್ದದ್ದು.

“ಏನ್ ಕೆಲಸ್ರಿ ಸಾಹೇಬ್ರ? ಹೋಗ್ರಿ, ಕೇಳಿದ್ದಕ್ಕ ಉತ್ತರಾ ಹೇಳ್ರಿ ಅಂದ್ಲು. ನನ್ನ ಕಣ್ಣು ನೋಡ್ತೀರೇನು? ನನ್ನ ಕಣ್ಣು ಚಲೋ ಅದಾವ್ರಿ.”

“ಕಣ್ಣಲ್ಲ ಮಾಮಾ. ನಿಮ್ಮ ಹೆಸರು ಹೇಳ್ರಿ.”

ಮೆಲ್ಲಗೆ ಹೇಳಿದರು. ನಾನು ಮೂರು ಸಲ ಹೊಡೆದು ಸೋತ ಅದೇ ಹೆಸರು.

“ಹಂಗಲ್ಲ. ಗಿರಣಿ ಬಾಗಲ್ದಾಗ ಹಾಜರಿ ಹೆಂಗ ಹೇಳ್ತಿದ್ರಿ, ಹಂಗ.”

ಅವರು ನನ್ನನ್ನೇ ನೋಡಿದರು. ಚೀಲ ಕೆಳಗಿಟ್ಟರು. ಟೊಪ್ಪಿಗೆ ಸರಿ ಮಾಡಿಕೊಂಡರು, ಅಂಗಿ ಜಗ್ಗಿಕೊಂಡರು. ಆಮೇಲೆ ಬಾಗಿಲಲ್ಲಿ ನೆಟ್ಟಗೆ ನಿಂತು, ಮಗ್ಗಗಳ ಸದ್ದನ್ನು ಮೀರಿಸುವವರ ದನಿಯಲ್ಲಿ ತಮ್ಮ ಹೆಸರನ್ನೂ, ಅದರ ಬೆನ್ನಿಗೇ ತಮ್ಮ ಹಿತ್ತಾಳೆಯ ಬಿಲ್ಲೆಯ ನಂಬರನ್ನೂ ಕೂಗಿದರು! ಗಿರಣಿಯಲ್ಲಿ ಪ್ರತಿಯೊಬ್ಬ ಕೆಲಸಗಾರನಿಗೂ ಅಂಥದೊಂದು ನಂಬರಿನ ಬಿಲ್ಲೆ ಇರುತ್ತಿತ್ತು. ಅಂಗಳದ ಮಂದಿಯೆಲ್ಲ ತಿರುಗಿ ನೋಡಿದರು. ಅಜ್ಜ ಬೆಚ್ಚಿ, “ಯಾರ್ರೀ ಅವರು, ಫೌಜದಾರ್ರೇನು?” ಎಂದ.

ಮತ್ತೆ ಮೊಡೆಮ್ ಒದರಿಸಿ ಹೆಸರು ಹೊಡೆದೆ, ಅದಕ್ಕೆ ಅಂಟಿಸಿ ನಂಬರು ಹೊಡೆದೆ. ಪರದೆಯ ಮೇಲೆ ಸಾಲಾಗಿ ಚುಕ್ಕಿಗಳು ಬಿದ್ದವು. ಗುಂಡಿ ಒತ್ತಿದೆ. ಬೀಗ ತೆರೆಯಿತು! ಕುರನೂರು, ಹೋಟಗಿ, ಊರೂರಿನ ಹೆಸರು ಒಂದೊಂದಾಗಿ ಪರದೆಯ ಮೇಲೆ ಇಳಿದು ಬಂದವು. ಎಡಗಣ್ಣು, ಬಲಗಣ್ಣು, ಲೆನ್ಸಿನ ನಂಬರು, ಎಲ್ಲ ಬಂತು. ಪ್ರಿಂಟರು ಕರ್‌ಕರ್ ಎಂದು ಹಲ್ಲು ಕಡಿಯತೊಡಗಿತು. ಅಷ್ಟು ಇಂಪಾದ ಸಂಗೀತ ನಾನು ಹಿಂದೆ ಕೇಳಿರಲಿಲ್ಲ. ಎದೆಯ ಮೇಲಿನ ಬೀಸುಕಲ್ಲು ಯಾರೋ ಎತ್ತಿ ಆಚೆ ಇಟ್ಟಂತಾಯಿತು. ಡಾಕ್ಟರು ಯಾದಿ ಕಸಿದುಕೊಂಡು, ಎರಡೆರಡು ಸಲ ನೋಡಿ, ಮೊದಲ ಹೆಸರು ಕರೆದರು. ಅದು ಅಜ್ಜನದೇ. ಅವನು ಕಂಬಳಿ ಸುತ್ತಿ ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದು ಒಳಗೆ ಹೋದ.

ಮಾಮಾ ಮಾತ್ರ ಕಂಪ್ಯೂಟರಿನ ಮುಂದೆಯೇ ನಿಂತಿದ್ದರು.

“ಸಾಹೇಬ್ರ, ನನ್ನ ಹೆಸರು ಎದಕ್ಕ ಬೇಕಾಗಿತ್ರಿ ಇದಕ್ಕ?”

“ಅಕ್ಕಾ ನಿಮಗ ಹೇಳಿಲ್ಲೇನು ಮಾಮಾ? ದಿನಾ ಮುಂಜಾನಿ ಎಂಟಕ್ಕ ಅವರು ಬಂದು ಇದನ್ನ ಹೊಡೀತಾರ. ನಿಮ್ಮ ಹೆಸರು, ನಿಮ್ಮ ಬಿಲ್ಲೆ ನಂಬರು. ಅದನ್ನ ಹೊಡದ ಮ್ಯಾಲನ ಸೊಲ್ಲಾಪುರದ ದವಾಖಾನಿ ಸುರು ಆಗೂದು. ಇಲ್ಲಾಂದ್ರ ಒಂದ ಕಿಟಕಿನೂ ತೆರ್ಯೂದಿಲ್ಲ.”

“ದಿನಾ?”

“ದಿನಾ.”

“ಗಿರಣಿ ಬಂದ್ ಆದ ಮ್ಯಾಲೂ?”

“ಸರ್ವರ್ ಬಂದದ್ದ ಗಿರಣಿ ಬಂದ್ ಆದ ಮ್ಯಾಲ, ಮಾಮಾ.”

ಅವರು ಪರದೆಯ ಹತ್ತಿರ ಸರಿದರು. ಆಮೇಲೆ ಸಣ್ಣ ದನಿಯಲ್ಲಿ, “ಇನ್ನೊಮ್ಮೆ ಹೊಡೀರಿ, ನೋಡ್ತೀನಿ” ಎಂದರು. ಸಾಫ್ಟ್‌ವೇರಿನಿಂದ ಹೊರಗೆ ಬಂದು, ಮತ್ತೆ ಒಳಗೆ ಹೋಗಲು ಪಾಸ್‌ವರ್ಡ್ ಹೊಡೆದೆ. ಅವರು ಬಗ್ಗಿ ಪರದೆಯ ಮೇಲಿನ ಚುಕ್ಕಿಗಳನ್ನು ಬೆರಳಿಟ್ಟು ಎಣಿಸಿದರು.

“ಇವಿಷ್ಟೂ ನಾನೇನ್ರಿ?”

“ಹೌದ್ರಿ ಮಾಮಾ, ಇವಿಷ್ಟೂ ನೀವ” ಎಂದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಅರ್ಧ ಮಂದಿಯ ಆ‍ಪರೇಶನ್ ಮುಗಿಯುತ್ತ ಬಂತು. ಅಜ್ಜ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಸುಖವಾಗಿ ಗೊರಕೆ ಹೊಡೆಯುತ್ತ ಮಲಗಿದ್ದ. ನಾವಿಬ್ಬರೂ ಊಟಕ್ಕೆ ಕೂತೆವು. ಮಾಮಾ ಚೀಲದಿಂದ ಕಟಿ ರೊಟ್ಟಿ, ಶೇಂಗಾ ಚಟ್ನಿ ತೆಗೆದರು. ಅದರ ಕೆಳಗೊಂದು ಲಕೋಟೆ ಇತ್ತು. “ಹಾಂ, ಮರತಿದ್ದೆ. ಮಿಷನ್ ನಡೀಲಿಲ್ಲಂದ್ರ ಇದನ್ನ ಕೊಡ್ರಿ ಅಂದಿದ್ಲು” ಎಂದರು.

ಒಡೆದು ನೋಡುತ್ತೇನೆ, ಯಾದಿ! ಪೂರ್ತಿ ಯಾದಿ, ಛಾಪಿಸಿದ್ದು, ದವಾಖಾನೆಯ ಶಿಕ್ಕೆಯ ಸಮೇತ!

ನನ್ನ ಮೈ ಉರಿದುಹೋಯಿತು. ಕೈಯಲ್ಲಿದ್ದ ರೊಟ್ಟಿ ಬಿಟ್ಟು ಎದ್ದು ಫೋನು ಹಚ್ಚಿದೆ.

“ಅಕ್ಕಾ! ಯಾದಿ ಚೀಲದಾಗ ಕಳಿಸಿಟ್ಟು ನನ್ನ ಜೀವಾ ತಿಂದ್ರಲ್ಲ! ಮಾಮಾ ಇಳದ ಕೂಡ್ಲೇ ಕೊಡ್ರಿ ಅಂದಿದ್ರ ಏನಾಗ್ತಿತ್ತು?”

“ಆ ಮಂದಿ ಕಣ್ಣಿನ ಗತಿ ಏನು ಅಂತ ಕಳಿಸಿದ್ದೆ ತಮ್ಮಾ. ನಿನ್ನ ಮಿಷನ್ ನಂಬ್ಕೊಂಡು ಕುಂಡ್ರಲೇನು?” ಎಂದರು ಅಕ್ಕಾವರು. ಆಮೇಲೆ ಅವರ ದನಿ ಇಳಿಯಿತು. “ಅದಿರ್ಲಿ. ಅವರು ಹೇಳಿದ್ರೇನು? ಜೋರಾಗಿ ಹೇಳಿದ್ರೇನು?”

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು.

“ಹೇಳಿದ್ರು ಅಕ್ಕಾ. ಅಂಗಳದಾಗಿನ ಮಂದಿ ಎಲ್ಲಾ ತಿರುಗಿ ನೋಡ್ತು.”

ಆ ಕಡೆ ಏಸಿ ಗುಂಯ್‌ಗುಟ್ಟುತ್ತಿತ್ತು. ಅಕ್ಕಾವರು ಮೂಗು ಒರೆಸಿಕೊಂಡದ್ದು ಕೇಳಿತು.

“ನಾಲ್ಕ ವರ್ಸ ಆಗಿತ್ತಪಾ, ಆ ದನಿ ಹೊಂಟು” ಎಂದರು. “ಮನ್ಯಾಗ ಯಾರರೆ ಬಂದು ಹೆಸರ ಕೇಳಿದ್ರ ಸೈತ ಒಳಗ ಎದ್ದು ಹೋಗ್ತಿದ್ರು. ನಿಮ್ಮ ಹೆಸರಿನ ಮ್ಯಾಲನ ದಿನಾ ದವಾಖಾನಿ ತೆರೀತದ ಅಂತ ನಾ ಹೆಂಗ ಹೇಳ್ಲಿ ಅವರಿಗೆ? ನನ್ನ ಬಾಯಿಲೆ ನಾ ಹೇಳೂ ಹಂಗಿಲ್ಲ. ನಾಲ್ಕರ ಗಾಡಿಗೆ ಹತ್ತಿಸಿ ಕಳಸು. ಕಿಟಕಿ ಕಡೆ ಜಾಗಾ ಹಿಡದ ಕೊಡು, ಅವರಿಗೆ ಹೊರಗ ನೋಡ್ಕೋತ ಬರೂದು ಸೇರ್ತದ.”

ನಾಲ್ಕರ ಬಸ್ಸು ತುಂಬಿಕೊಂಡೇ ಬಂತು. ನಾನು ಮಂದಿಯನ್ನು ನೂಕಿ ಮುಂದೆ ಹೋಗಿ, ಕಿಟಕಿಯೊಳಗೆ ನನ್ನ ಟವೆಲ್ಲು ಒಗೆದು ಜಾಗ ಹಿಡಿದೆ. “ಯಾರಿಗ್ರಿ ಈ ಜಾಗಾ?” ಎಂದು ಒಬ್ಬ ಜಗಳಕ್ಕೆ ಬಂದ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಮಾಮಾ ತಮ್ಮ ಹೆಸರು ಹೇಳಿದರು, ಇಡೀ ಬಸ್ಸಿಗೆ ಕೇಳುವ ಹಾಗೆ.